ಪ್ರನಾಳ ಶಿಶು: ಕೋಲ್ಕತ್ತದ ಆ ವೈದ್ಯ

ಪ್ರನಾಳ ಶಿಶು ಎಂದೊಡನೆ ಗಾಜಿನ ಕೊಳವೆಯೊಳಗೆ ಕೈಕಾಲು ಆಡಿಸುವ ಮಗುವನ್ನು ಕಲ್ಪಿಸಿಕೊಳ್ಳುವವರು ಇಂದಿಗೂ ಇದ್ದಾರೆ. ಹೆಸರೇ ಹಾಗಿದೆ, ಏನು ಮಾಡುವುದು! ನಿಜವಾಗಿ ಅಲ್ಲಿ ಪ್ರನಾಳವೂ ಇಲ್ಲ, ಶಿಶುವೂ ಇಲ್ಲ. ಇರುವುದು ಒಂದು ಪುಟ್ಟ ತಟ್ಟೆ. ಅದರಲ್ಲಿ ಬರಿಗಣ್ಣಿಗೆ ಕಂಡೂ ಕಾಣದಂಥ ಭ್ರೂಣ. ಅದು ಹೊರಗಿರುವುದು ಹೆಚ್ಚೆಂದರೆ ಐದಾರು ದಿನ. ಮಿಕ್ಕ ಬೆಳವಣಿಗೆಯೆಲ್ಲ ತಾಯಿಯ ಗರ್ಭದಲ್ಲೇ.

ಸಹಜವಾಗಿ ತಿಂಗಳಿಗೊಂದು ಅಂಡಾಣು ಪಕ್ವವಾಗಿ ಅಂಡಾಶಯದಿಂದ ಅಂಡನಾಳಕ್ಕೆ ಬರುತ್ತದೆ. ವೀರ್ಯಾಣು ಅದನ್ನು ಸೇರುವುದು ಅಲ್ಲಿಯೇ. ಆ ನಾಳ ಮುಚ್ಚಿಹೋಗಿದ್ದರೆ ಇಬ್ಬರೂ ಆರೋಗ್ಯವಾಗಿದ್ದರೂ ಮಕ್ಕಳಾಗುವುದಿಲ್ಲ. ಹಾಗಾದರೆ ಆ ಭೇಟಿಯನ್ನು ಹೊರಗೇ ಏರ್ಪಡಿಸಬಾರದೇಕೆ? ಚಿಕಿತ್ಸೆಯ ತಿರುಳು ಇಷ್ಟೇ.

ಮೊದಲು ಸುಮಾರು ಹತ್ತು ದಿನ ಹಾರ್ಮೋನಿನ ಚುಚ್ಚುಮದ್ದು. ಇದರಿಂದ ಒಂದರ ಬದಲು ಹಲವು ಅಂಡಾಣುಗಳು ಬಲಿಯುತ್ತವೆ. ಅವು ಹದಕ್ಕೆ ಬಂದದ್ದನ್ನು ಅಲ್ಟ್ರಾಸೌಂಡ್‌ನಲ್ಲಿ ನೋಡಿ ಮತ್ತೊಂದು ಚುಚ್ಚುಮದ್ದು; ಸುಮಾರು 36 ಗಂಟೆಗಳ ನಂತರ ಸೂಜಿಯಿಂದ ಅಂಡಾಣುಗಳನ್ನು ಹೊರತೆಗೆಯುತ್ತಾರೆ. ಅವುಗಳೊಡನೆ ವೀರ್ಯಾಣುಗಳನ್ನು ಸೇರಿಸಿ 37 ಡಿಗ್ರಿ ಸೆಲ್ಸಿಯಸ್ ಶಾಖದಲ್ಲಿ ಇಡುತ್ತಾರೆ. ಮೂರನೆಯ ದಿನಕ್ಕೆ ಭ್ರೂಣದಲ್ಲಿ ಸುಮಾರು ಎಂಟು ಕೋಶಗಳು. ಅದನ್ನು ಆಗಲೋ ಐದನೆಯ ದಿನವೋ ತೆಳು ನಳಿಕೆಯಿಂದ ಗರ್ಭಾಶಯಕ್ಕೆ ಬಿಡುತ್ತಾರೆ. ಕಚ್ಚಿತೋ ಇಲ್ಲವೋ ತಿಳಿಯಲು ಸುಮಾರು ಎರಡು ವಾರ ಕಾಯಬೇಕು. ಕಚ್ಚದೆ ಹೋಗುವುದೂ ಸಾಮಾನ್ಯ. ಖರ್ಚಂತೂ ಆಗಿಯೇ ಇರುತ್ತದೆ. ದೋಷ ಹೆಣ್ಣಿನದೇ ಎಂದು ಮನೆಮಂದಿ ತೀರ್ಮಾನಿಸುವುದೂ ತಪ್ಪು. ವೀರ್ಯಾಣುಗಳ ಕೊರತೆಯೂ ಅಷ್ಟೇ ದೊಡ್ಡ ಕಾರಣ. ಒಂದೇ ವೀರ್ಯಾಣುವನ್ನು ಅಂಡಾಣುವಿನೊಳಕ್ಕೆ ಚುಚ್ಚುವ ವಿಧಾನದಿಂದ 1992ರಿಂದೀಚೆಗೆ ಅದಕ್ಕೂ ದಾರಿಯಾಗಿದೆ.

ಇಂಗ್ಲೆಂಡಿನಲ್ಲಿ ರಾಬರ್ಟ್ ಎಡ್ವರ್ಡ್ಸ್ ಮತ್ತು ಪ್ಯಾಟ್ರಿಕ್ ಸ್ಟೆಪ್ಟೋ ಅವರ ಶ್ರಮದಿಂದ ಮೊದಲ ಪ್ರನಾಳ ಶಿಶು ಹುಟ್ಟಿದ್ದು 1978ರ ಜುಲೈ 25ರಂದು. ಅದಾಗಿ ಎಪ್ಪತ್ತೇ ದಿನಕ್ಕೆ, ಅಕ್ಟೋಬರ್ 3ರಂದು, ಕೋಲ್ಕತ್ತದಲ್ಲಿ ದುರ್ಗಾ ಹುಟ್ಟಿದಳು. ಇದರ ಹಿಂದಿದ್ದವರು ಡಾ. ಸುಭಾಷ್ ಮುಖರ್ಜಿ.

ಅವರ ಹಾದಿಯೇ ಬೇರೆ. ಇಂಗ್ಲೆಂಡಿನವರು ಹಾರ್ಮೋನು ಕೊಟ್ಟು ಸೋತು, ಕೊನೆಗೆ ಸಹಜವಾಗಿ ಬಲಿತ ಒಂದೇ ಅಂಡಾಣುವನ್ನು ನೆಚ್ಚಿದ್ದರು. ಮುಖರ್ಜಿ ಹಾರ್ಮೋನು ಕೊಟ್ಟೇ ಹಲವು ಅಂಡಾಣುಗಳನ್ನು ಪಡೆದರು. ಆದರೆ ಹಾರ್ಮೋನಿನ ಭರಾಟೆಯಲ್ಲಿ ಗರ್ಭಾಶಯ ಭ್ರೂಣವನ್ನು ಸ್ವೀಕರಿಸುವ ಸ್ಥಿತಿಯಲ್ಲಿರುವುದಿಲ್ಲ. ಆದ್ದರಿಂದ ಭ್ರೂಣವನ್ನು 53 ದಿನ ಶೀತಲೀಕರಿಸಿಟ್ಟು, ಮುಂದಿನ ಸಹಜ ಋತುಚಕ್ರವೊಂದರಲ್ಲಿ ಒಳಗಿಟ್ಟರು. ಇಂದು ಲೋಕದ ಎಲ್ಲೆಡೆ ಭ್ರೂಣವನ್ನು ಹೀಗೆ ಕಾದಿಟ್ಟು ಬಳಸುವುದು ದಿನನಿತ್ಯದ ಮಾತು.

ಅಂದು ನಂಬುವವರಿರಲಿಲ್ಲ. ಪಶ್ಚಿಮ ಬಂಗಾಳ ಸರ್ಕಾರ ನೇಮಿಸಿದ ಸಮಿತಿ ಅವರ ಮಾತನ್ನು ತಳ್ಳಿಹಾಕಿತು. ಜಪಾನಿಗೆ ಹೋಗಿ ವಿವರಿಸಲು ಅನುಮತಿ ಸಿಗಲಿಲ್ಲ. ಹಾರ್ಮೋನುಗಳ ತಜ್ಞನನ್ನು 1981ರಲ್ಲಿ ಕಣ್ಣಿನ ಸಂಸ್ಥೆಗೆ ವರ್ಗ ಮಾಡಿದರು! ಅದೇ ವರ್ಷದ ಜೂನ್ 19ರಂದು ಅವರು ಆತ್ಮಹತ್ಯೆ ಮಾಡಿಕೊಂಡರು.

ಮುಂಬೈನ ಕೆ.ಇ.ಎಂ. ಆಸ್ಪತ್ರೆಯಲ್ಲಿ 1986ರ ಆಗಸ್ಟ್ 6ರಂದು ಹರ್ಷಾ ಹುಟ್ಟಿದಾಗ ಆಕೆಯೇ ದೇಶದ ಮೊದಲ ಪ್ರನಾಳ ಶಿಶು ಎಂದು ದಾಖಲಾಯಿತು. ಆ ಸಾಧನೆಯ ಹಿಂದಿದ್ದವರು ಡಾ. ಇಂದಿರಾ ಹಿಂದುಜಾ ಮತ್ತು ವಿಜ್ಞಾನಿ ಟಿ.ಸಿ. ಆನಂದಕುಮಾರ್. ಮುಂದೆ ಬೆಂಗಳೂರಿನಲ್ಲಿ ನೆಲೆಸಿದ ಆನಂದಕುಮಾರ್ ಅವರ ಕೈಗೆ 1997ರಲ್ಲಿ ಮುಖರ್ಜಿಯವರ ಟಿಪ್ಪಣಿಗಳು ಬಂದವು. ಓದಿ ನೋಡಿದರೆ ಸಂಶಯಕ್ಕೆ ಎಡೆಯಿಲ್ಲ. ತಮ್ಮದೇ ತಂಡದ ಹೆಸರಿನಲ್ಲಿದ್ದ ಮೊದಲ ಸ್ಥಾನ ಮುಖರ್ಜಿಯವರಿಗೆ ಸಲ್ಲಬೇಕೆಂದು ಅವರು ಬೆಂಗಳೂರಿನ ‘ಕರೆಂಟ್ ಸೈನ್ಸ್’ ಪತ್ರಿಕೆಯಲ್ಲಿ ಬರೆದರು. ದುರ್ಗಾಳಿಗೆ ಆಗ ಹದಿನೆಂಟು ವರ್ಷ.