ನೋವನ್ನು ಆಲಿಸುವ ವೈದ್ಯ

ದೇಹವು ಕಾಯಕದ ಸಾಧನ. ದುಡಿದ ಸಾಧನ ಸವೆಯುವುದು ಸಹಜ. ಇಂಡಿಯ ಲಿಂಬೆ ತೋಟಗಳಲ್ಲಿ ಕಾಯಿ ಬಿಡಿಸುವವರು, ಸಿಂದಗಿಯ ತೊಗರಿ ಹೊಲಗಳಲ್ಲಿ ದಿನವಿಡೀ ಬಾಗಿ ಕಸ ತೆಗೆಯುವವರು, ಮುದ್ದೇಬಿಹಾಳದ ಕಡೆಯಿಂದ ಕೂಲಿಗಾಗಿ ಗೋವೆಗೆ ಹೋಗಿಬರುವವರು, ಬಸವನ ಬಾಗೇವಾಡಿಯ ಮನೆಗಳಲ್ಲಿ ನಸುಕಿನಲ್ಲಿಯೇ ರೊಟ್ಟಿ ಬಡಿಯಲು ಕೂಡುವ ತಾಯಂದಿರು, ಇವರಲ್ಲಿ ಸೊಂಟನೋವು, ಮೊಣಕಾಲು ನೋವು ಅರಿಯದವರು ವಿರಳ. "ವಯಸ್ಸಾಯಿತು" ಎಂಬ ಒಂದೇ ಮಾತಿನಿಂದ ಮನೆಯವರು ಅದನ್ನು ಮುಗಿಸಿಬಿಡುತ್ತಾರೆ. ಆದರೆ ನೋವು ಮುಗಿಯುವುದಿಲ್ಲ.

ಮೂರು ತಿಂಗಳಿಗೂ ಮೀರಿ ಉಳಿಯುವ ಅಥವಾ ಮರಳಿ ಮರಳಿ ಬರುವ ನೋವನ್ನು ವೈದ್ಯಶಾಸ್ತ್ರವು ದೀರ್ಘಕಾಲಿಕ ನೋವೆಂದು ಕರೆಯುತ್ತದೆ. 2022ರಲ್ಲಿ ಜಾರಿಗೆ ಬಂದ ವಿಶ್ವ ಆರೋಗ್ಯ ಸಂಸ್ಥೆಯ ರೋಗಪಟ್ಟಿಯಲ್ಲಿ ಅದಕ್ಕೆ ಸ್ವತಂತ್ರ ಸ್ಥಾನ ದೊರೆತಿದೆ. ಗಾಯ ಮಾಯ್ದರೂ ನರಗಳು ಹಾಗೂ ಮೆದುಳು ಅತಿಯಾಗಿ ಎಚ್ಚೆತ್ತೇ ಇರಬಹುದು. ಆದುದರಿಂದ ಎಕ್ಸ್‌ರೇಯಲ್ಲಿ ದೋಷ ಕಾಣದಿದ್ದ ಮಾತ್ರಕ್ಕೆ ನೋವು ಸುಳ್ಳಲ್ಲ. 2020ರಲ್ಲಿ ಜಗತ್ತಿನಲ್ಲಿ 61.9 ಕೋಟಿ ಜನರು ಸೊಂಟನೋವಿನಿಂದ ಬಳಲುತ್ತಿದ್ದರೆಂದು ಅಂದಾಜು.

ನೋವು ಬಲವಾದರೆ ಔಷಧಿಯೂ ಬಲವಾಗಿರಬೇಕೆಂಬುದು ಸಾಮಾನ್ಯ ನಂಬಿಕೆ. ಅಮೆರಿಕದ ಮಿನ್ನಿಯಾಪೊಲಿಸ್‌ನಲ್ಲಿ ಮಾಜಿ ಸೈನಿಕರ ಪ್ರಾಥಮಿಕ ಚಿಕಿತ್ಸಾಲಯಗಳ ವೈದ್ಯೆ ಎರಿನ್ ಕ್ರೆಬ್ಸ್ ಮತ್ತು ಸಂಗಡಿಗರು ಇದನ್ನೇ ಪರೀಕ್ಷಿಸಿದರು. ಬೆನ್ನು ಅಥವಾ ಕೀಲುಸವೆತದ ನೋವಿದ್ದ 240 ಜನರಲ್ಲಿ ಒಂದು ಗುಂಪಿಗೆ ಅಫೀಮು ವರ್ಗದ ಪ್ರಬಲ ಔಷಧಿ, ಇನ್ನೊಂದಕ್ಕೆ ಸಾಮಾನ್ಯ ನೋವುನಿವಾರಕಗಳನ್ನು ಕೊಟ್ಟು ಒಂದು ವರ್ಷ ಗಮನಿಸಿದರು. 2018ರಲ್ಲಿ ಪ್ರಕಟವಾದ ಫಲಿತಾಂಶದಂತೆ ಪ್ರಬಲ ಔಷಧಿಯಿಂದ ದಿನನಿತ್ಯದ ಕೆಲಸಕ್ಕೆ ಹೆಚ್ಚಿನ ಅನುಕೂಲವೇನೂ ಆಗಲಿಲ್ಲ. ಅಡ್ಡಪರಿಣಾಮಗಳು ಮಾತ್ರ ಹೆಚ್ಚಿದವು. ವಿಶ್ವ ಆರೋಗ್ಯ ಸಂಸ್ಥೆ 2023ರ ಡಿಸೆಂಬರಿನಲ್ಲಿ ಹೊರಡಿಸಿದ ಮಾರ್ಗಸೂಚಿಯು ದೀರ್ಘಕಾಲದ ಸೊಂಟನೋವಿಗೆ ತಿಳಿವಳಿಕೆ, ವ್ಯಾಯಾಮ, ಮನೋಬಲದ ಚಿಕಿತ್ಸೆಗಳನ್ನು ಎತ್ತಿಹಿಡಿದಿದೆ. ಅಫೀಮು ವರ್ಗದ ಔಷಧಿ ಹಾಗೂ ಸೊಂಟದ ಪಟ್ಟಿಯನ್ನು ವಾಡಿಕೆಯಾಗಿ ಬಳಸುವುದು ಬೇಡವೆಂದಿದೆ.

ನಮ್ಮಲ್ಲಿಯ ಅಪಾಯ ಬೇರೆ ಬಗೆಯದು. ವೈದ್ಯರ ಸಲಹೆಯಂತೆ ಅಲ್ಪಕಾಲ ನುಂಗಿದ ಗುಳಿಗೆ ಉಪಕಾರಿ. ಅದನ್ನೇ ಅಂಗಡಿಯಿಂದ ತಂದು ವರ್ಷಗಟ್ಟಲೆ ನುಂಗಿದರೆ ಜಠರದಲ್ಲಿ ಹುಣ್ಣಾಗಬಹುದು, ಮೂತ್ರಪಿಂಡ ಕೆಡಬಹುದು.

ಇಂಥ ರೋಗಿಗೆ ಬೇಕಾದುದು ಆಲಿಸುವ ವೈದ್ಯ. ಆಸ್ಪತ್ರೆಯ ಮಂಚದ ಬಳಿ ಕಲಿಯುವ ವಿದ್ಯಾರ್ಥಿಗೆ ದೀರ್ಘಕಾಲಿಕ ನೋವಿನ ಪೂರ್ಣ ಪರಿಚಯವಾಗದು. ಆ ರೋಗಿ ಮಂಚದ ಮೇಲಿರುವುದಿಲ್ಲ, ಹೊಲದಲ್ಲಿರುತ್ತಾನೆ, ಒಲೆಯ ಮುಂದಿರುತ್ತಾಳೆ. 2019ರಲ್ಲಿ ದೇಶದ ವೈದ್ಯ ಪದವಿಯ ಪಠ್ಯಕ್ರಮ ಬದಲಾದಾಗ ನಡತೆ, ನೀತಿ, ಸಂವಹನಗಳ ಶಿಕ್ಷಣವೂ ಅದರಲ್ಲಿ ಸೇರಿತು. 2022ರಲ್ಲಿ ಕುಟುಂಬ ದತ್ತು ಕಾರ್ಯಕ್ರಮವೂ ಬಂದಿತು. ವಿದ್ಯಾರ್ಥಿಯು ಹಳ್ಳಿಯ ಕೆಲವು ಕುಟುಂಬಗಳ ಆರೋಗ್ಯವನ್ನು ವರ್ಷಗಳ ಕಾಲ ನೋಡಿಕೊಳ್ಳಬೇಕೆಂಬುದು ಅದರ ಆಶಯ. ಬಿ.ಎಲ್.ಡಿ.ಇ. ಸಂಸ್ಥೆಯ ಬಿ.ಎಂ. ಪಾಟೀಲ ಕಾಲೇಜು, ಅಲ್-ಅಮೀನ್ ಕಾಲೇಜು, ಹೀಗೆ ವಿಜಯಪುರದಲ್ಲಿಯೇ ವೈದ್ಯ ಶಿಕ್ಷಣ ನಡೆಯುತ್ತಿರುವಾಗ, ಈ ನಾಲ್ಕು ತಾಲೂಕುಗಳ ಮನೆಯಂಗಳಗಳೂ ಕಲಿಕೆಯ ತಾಣಗಳಾಗಬಲ್ಲವು.

ವಿದ್ಯಾರ್ಥಿ ಮನೆಗೆ ಬಂದಾಗ ಮನೆಯ ಹಿರಿಯರು ತಮ್ಮ ನೋವನ್ನು ಮುಚ್ಚಿಡಬಾರದು. ಎಷ್ಟು ದಿನದಿಂದ ನೋವಿದೆ, ಯಾವ ಕೆಲಸ ಸಾಗದು, ನಿದ್ರೆ ಹೇಗೆ, ಎಷ್ಟು ಗುಳಿಗೆ ನುಂಗಿದ್ದೇವೆ ಎಂಬುದನ್ನು ಬಿಚ್ಚಿ ಹೇಳಬೇಕು. ಕಾಲಿನ ಶಕ್ತಿ ಕುಂದಿದರೆ, ಮೂತ್ರದ ಹಿಡಿತ ತಪ್ಪಿದರೆ, ಜ್ವರವೋ ಕೃಶತೆಯೋ ಜೊತೆಗೂಡಿದರೆ ತಡಮಾಡದೆ ಆಸ್ಪತ್ರೆ ಸೇರಬೇಕು. ಉಳಿದಂತೆ ನೋವುಳ್ಳವರ ಮಾತನ್ನು ನಂಬುವುದು, ಅವರ ಕೆಲಸದಲ್ಲಿ ಪಾಲುಗೊಳ್ಳುವುದು ಮನೆಮಂದಿಯೆಲ್ಲರ ಹೊಣೆ. ತಾಯಿ ಬಾಗಿ ಎತ್ತುವ ಕೊಡವನ್ನು ಮಗ ಎತ್ತಿಕೊಟ್ಟರೆ, ಆ ಮನೆಯಲ್ಲಿ ಚಿಕಿತ್ಸೆ ಅರ್ಧ ಆರಂಭವಾದಂತೆಯೇ ಸರಿ.