ಹಂಡೆ ನೀರಿನಿಂದ ಹೊರಟ ಸಂಶೋಧನೆ

ಭಾನುವಾರದ ಎಣ್ಣೆಸ್ನಾನ. ನಸುಕಿನಲ್ಲೇ ಬಚ್ಚಲೊಲೆಗೆ ಬೆಂಕಿ ಬಿದ್ದಿದೆ, ತಾಮ್ರದ ಹಂಡೆಯಲ್ಲಿ ನೀರು ಹಬೆಯಾಡುತ್ತಿದೆ. ಅಜ್ಜಿ ಮೊಮ್ಮಗನನ್ನು ಮಣೆಯ ಮೇಲೆ ಕೂರಿಸಿ, ಸೀಗೆಪುಡಿ ಹಚ್ಚಿ ತಲೆ ತಿಕ್ಕಿ, ಚೊಂಬಿನ ಮೇಲೆ ಚೊಂಬು ಬಿಸಿನೀರನ್ನು ನೆತ್ತಿಗೆ ಸುರಿಯುತ್ತಾಳೆ. ಹಳೇ ಮೈಸೂರು ಸೀಮೆಯ ಮನೆಗಳಲ್ಲಿ ಅಕ್ಕರೆ ಎಂದರೆ ಹೀಗೇ, ಮೈ ಕೆಂಪಾಗುವಷ್ಟು ಬಿಸಿ. ನಾಲ್ಕನೆಯದೋ ಐದನೆಯದೋ ಚೊಂಬಿಗೆ ಹುಡುಗನ ದೃಷ್ಟಿ ಒಂದೆಡೆ ನೆಟ್ಟು ನಿಲ್ಲುತ್ತದೆ. ಏನೇನೋ ಬಡಬಡಿಸುತ್ತಾನೆ. ಕೈಕಾಲು ಸೆಟೆದುಕೊಳ್ಳುತ್ತವೆ. ಗಾಳಿ ಸೋಕಿರಬೇಕು ಎನ್ನುತ್ತಾರೆ ಒಬ್ಬರು, ಯಾರದೋ ದೃಷ್ಟಿ ಎನ್ನುತ್ತಾರೆ ಇನ್ನೊಬ್ಬರು. ತಾಯತ ಕಟ್ಟಿಸುತ್ತಾರೆ. ಮುಂದಿನ ವಾರ ತಲೆಗೆ ನೀರು ಬಿದ್ದಾಗ ಮತ್ತೆ ಅದೇ.

ಇಂಥ ಮಕ್ಕಳನ್ನು ಕಂಕುಳಲ್ಲಿ ಎತ್ತಿಕೊಂಡು ಬಂದ ತಾಯಂದಿರ ಮಾತಿಗೆ ಕಿವಿಗೊಟ್ಟವರು ಬೆಂಗಳೂರಿನ ನರವೈದ್ಯ ಡಾ. ಕೆ.ಎಸ್. ಮಣಿ. 'ಸ್ನಾನ ಮಾಡಿಸುವಾಗ ಮಾತ್ರ ಫಿಟ್ಸ್ ಬರುತ್ತೆ' ಎಂಬ ಮಾತನ್ನು ಹಳ್ಳಿಯವರ ಭ್ರಮೆ ಎಂದು ಅವರು ತಳ್ಳಿಹಾಕಲಿಲ್ಲ. ನ್ಯೂಜಿಲೆಂಡಿನಿಂದ 1945ರಲ್ಲಿ ಇಂಥದೊಂದು ಪ್ರಕರಣ ವರದಿಯಾಗಿತ್ತು. ಆದರೆ ಅಲ್ಲಿ ಅಪರೂಪವಾಗಿದ್ದದ್ದು ಇಲ್ಲಿ ಊರೂರಲ್ಲೂ ಇತ್ತು. 1968ರಲ್ಲಿ ಮಣಿ ಮತ್ತು ಸಂಗಡಿಗರು ಮೊದಲ ವರದಿ ಬರೆದರು. 1972ರಲ್ಲಿ 60 ರೋಗಿಗಳ ವಿವರ ಬಂತು. 1988ರಲ್ಲಿ ಡಾ. ಪಿ. ಸತೀಶ್‌ಚಂದ್ರ ಮತ್ತು ಜೊತೆಗಾರರು 279 ಜನರ ಅಧ್ಯಯನ ಪ್ರಕಟಿಸಿದರು. 'ಬಿಸಿನೀರಿನ ಅಪಸ್ಮಾರ' ಎಂಬ ಕಾಯಿಲೆಗೆ ಜಗತ್ತಿನ ವೈದ್ಯಕೀಯ ಗ್ರಂಥಗಳಲ್ಲಿ ಗಟ್ಟಿ ಜಾಗ ಸಿಕ್ಕಿದ್ದು ಬಹುಮಟ್ಟಿಗೆ ನಮ್ಮ ಬಚ್ಚಲುಮನೆಗಳ ದೆಸೆಯಿಂದ.

ಆ ಕೆಲಸಕ್ಕೆ ನೆಲೆಯಾದದ್ದು ಲಕ್ಕಸಂದ್ರದ ಪಕ್ಕ, ಹೊಸೂರು ರಸ್ತೆಗೆ ತಾಗಿಕೊಂಡಿರುವ ನಿಮ್ಹಾನ್ಸ್. ಪೂರ್ತಿ ಹೆಸರು ರಾಷ್ಟ್ರೀಯ ಮಾನಸಿಕ ಆರೋಗ್ಯ ಮತ್ತು ನರವಿಜ್ಞಾನ ಸಂಸ್ಥೆ. ಸಿಟ್ಟು ಬಂದಾಗ 'ನಿನ್ನ ನಿಮ್ಹಾನ್ಸ್‌ಗೆ ಸೇರಿಸಬೇಕು' ಎಂದು ಬೈಯುವುದಕ್ಕೆ ನಾವು ಆ ಹೆಸರನ್ನು ಬಳಸುತ್ತೇವೆ. ಅದು ಒಂದು ವಿಶ್ವವಿದ್ಯಾಲಯವೂ ಹೌದು ಎಂಬುದು ಬೆಂಗಳೂರಿನಲ್ಲೇ ಹುಟ್ಟಿ ಬೆಳೆದ ಎಷ್ಟೋ ಜನರಿಗೆ ಗೊತ್ತಿಲ್ಲ. ಅದನ್ನು ಪರಿಚಯಿಸಬೇಕು ಎನ್ನಿಸಿದ್ದು ಅದಕ್ಕೇ.

ಬ್ರಿಟಿಷ್ ಕಮಿಷನರರ ಆಡಳಿತವಿದ್ದ ದಿನಗಳಲ್ಲಿ, 1847ರಲ್ಲಿ, ಬೆಂಗಳೂರಿನಲ್ಲಿ ಒಂದು ಹುಚ್ಚಾಸ್ಪತ್ರೆ ಶುರುವಾಯಿತು. ಆಗ ಅದರ ಹೆಸರೇ ಹಾಗಿತ್ತು. 1925ರಲ್ಲಿ ಮೈಸೂರು ಸರ್ಕಾರ ಆ ಹೆಸರನ್ನು ಕೈಬಿಟ್ಟು ಮಾನಸಿಕ ಆಸ್ಪತ್ರೆ ಎಂದು ಕರೆಯಿತು. ಡಾ. ಫ್ರಾಂಕ್ ನೊರೊನ್ಹಾ ಅದರ ಮೇಲ್ವಿಚಾರಕರಾಗಿದ್ದ ಕಾಲ ಅದು. ಸರ್ ಮಿರ್ಜಾ ಇಸ್ಮಾಯಿಲ್ ದಿವಾನರಾಗಿದ್ದಾಗ, 1930ರ ದಶಕದಲ್ಲಿ, ಆಸ್ಪತ್ರೆ ಪೇಟೆಯ ಇಕ್ಕಟ್ಟಿನಿಂದ ಈಗಿನ ವಿಶಾಲ ಜಾಗಕ್ಕೆ ಬಂತು. ನೊರೊನ್ಹಾ ಅವರ ನಂತರ ಬಂದ ಡಾ. ಎಂ.ವಿ. ಗೋವಿಂದಸ್ವಾಮಿ ಮನೋವೈದ್ಯಕೀಯದ ಜೊತೆಗೆ ಮನಶ್ಶಾಸ್ತ್ರ, ತತ್ವಶಾಸ್ತ್ರಗಳಲ್ಲೂ ಆಳವಾದ ಆಸಕ್ತಿ ಇದ್ದವರು. 1954ರಲ್ಲಿ ಆಸ್ಪತ್ರೆಯ ಮಗ್ಗುಲಲ್ಲೇ ಅಖಿಲ ಭಾರತ ಮಾನಸಿಕ ಆರೋಗ್ಯ ಸಂಸ್ಥೆ ಹುಟ್ಟಿದಾಗ ಅದರ ಹೊಣೆಯನ್ನೂ ಅವರೇ ಹೊತ್ತರು. ಮರುವರ್ಷ ಅಲ್ಲಿ ಮನೋವೈದ್ಯರಿಗೂ ಚಿಕಿತ್ಸಾ ಮನಶ್ಶಾಸ್ತ್ರಜ್ಞರಿಗೂ ಒಂದೇ ಸೂರಿನಡಿ ತರಬೇತಿ ಆರಂಭವಾಯಿತು. ದೇಶದಲ್ಲಿ ಈ ಬಗೆಯ ಶಿಕ್ಷಣಕ್ಕೆ ನಾಂದಿ ಹಾಡಿದ್ದು ಅದೇ. 1974ರ ಡಿಸೆಂಬರಿನಲ್ಲಿ ರಾಜ್ಯದ ಆಸ್ಪತ್ರೆ, ಕೇಂದ್ರದ ಸಂಸ್ಥೆ ಎರಡೂ ಬೆರೆತು ನಿಮ್ಹಾನ್ಸ್ ಆಯಿತು. ನರಶಸ್ತ್ರಚಿಕಿತ್ಸಕ ಡಾ. ಆರ್.ಎಂ. ವರ್ಮ ಮೊದಲ ನಿರ್ದೇಶಕರು. 1994ರಲ್ಲಿ ಡೀಮ್ಡ್ ವಿಶ್ವವಿದ್ಯಾಲಯದ ಮಾನ್ಯತೆ, 2012ರಲ್ಲಿ ಸಂಸತ್ತಿನ ಕಾಯ್ದೆಯಿಂದ ರಾಷ್ಟ್ರೀಯ ಪ್ರಾಮುಖ್ಯದ ಸಂಸ್ಥೆ ಎಂಬ ಸ್ಥಾನ.

ಇಲ್ಲಿನ ಸಂಶೋಧನೆಯ ಗುಣ ಹಿಡಿಯಲು ಬಿಸಿನೀರಿನ ಕತೆಯನ್ನೇ ಇನ್ನಷ್ಟು ಹಿಂಬಾಲಿಸಬೇಕು. ನೀರು 40ರಿಂದ 50 ಡಿಗ್ರಿ ಸೆಲ್ಸಿಯಸ್‌ನಷ್ಟು ಬಿಸಿಯಿದ್ದು, ನೆತ್ತಿಯ ಮೇಲೆ ಬಿಡುವಿಲ್ಲದೆ ಬಿದ್ದಾಗ ಕೆಲವರ ಮಿದುಳು ಆ ತಾಪವನ್ನು ತಾಳುವುದಿಲ್ಲ. ಹೆಣ್ಣುಮಕ್ಕಳಿಗಿಂತ ಗಂಡುಮಕ್ಕಳಲ್ಲಿ ಇದು ಹೆಚ್ಚು. ಕೆಲವು ರೋಗಿಗಳಿಗೆ ಆ ಗಳಿಗೆಯಲ್ಲಿ ಒಂದು ಬಗೆಯ ಹಿತವೆನಿಸಿ, ನಿಲ್ಲಿಸಲಾಗದೆ ಇನ್ನಷ್ಟು ನೀರು ಸುರಿದುಕೊಳ್ಳುತ್ತಾರೆ. ಇದು ಬರೀ ನರಗಳ ವಿಷಯವಲ್ಲ, ಮನಸ್ಸಿನದೂ ಹೌದು ಎಂದು ಸಂಶೋಧಕರಿಗೆ ತೋರಿದ್ದು ಇಲ್ಲಿ. ಚಾಮರಾಜನಗರ ಜಿಲ್ಲೆಯ ಯಳಂದೂರಿನಲ್ಲಿ ಮಣಿ ಅವರ ತಂಡ ಮನೆಮನೆಗೂ ಹೋಗಿ ಕೇಳಿದಾಗ ಲಕ್ಷ ಜನರಲ್ಲಿ 255 ಮಂದಿಗೆ ಈ ತೊಂದರೆ ಇರುವ ಲೆಕ್ಕ ಸಿಕ್ಕಿತು. ಅದೇ ಯಳಂದೂರಿನ ಇನ್ನೊಂದು ಕೆಲಸ 2001ರಲ್ಲಿ 'ಲ್ಯಾನ್ಸೆಟ್' ಪತ್ರಿಕೆಯಲ್ಲಿ ಬಂತು. ಫಿನೊಬಾರ್ಬಿಟಾಲ್, ಫಿನಿಟಾಯಿನ್‌ನಂಥ ಅಗ್ಗದ ಹಳೇ ಮಾತ್ರೆಗಳಿಂದಲೇ ಹಳ್ಳಿಗಾಡಿನಲ್ಲಿ ಮೂರ್ಛೆರೋಗವನ್ನು ಹತೋಟಿಗೆ ತರಬಹುದು ಎಂಬುದು ಅದರ ತಿರುಳು. ಯಳಂದೂರಿನ ರೈತನ ಜೇಬಿಗೆ ಎಟುಕುವ ಉತ್ತರ ಇದು. ನನಗೆ ಈ ಸಂಶೋಧನೆ ದೊಡ್ಡದೆನಿಸುವುದು ಅದು ಅಚ್ಚಾದ ಪತ್ರಿಕೆಯ ಹೆಸರಿಗಿಂತ ಹೆಚ್ಚಾಗಿ ಈ ಕಾರಣಕ್ಕೆ.

ಒಂದೇ ಮನೆತನದ ಹಲವರಿಗೆ ಬಿಸಿನೀರಿನ ತೊಂದರೆ ಇರುವುದು ಕಂಡು, ನಿಮ್ಹಾನ್ಸ್ ವೈದ್ಯರೂ ಜಕ್ಕೂರಿನ ಜವಾಹರಲಾಲ್ ನೆಹರೂ ಉನ್ನತ ವೈಜ್ಞಾನಿಕ ಸಂಶೋಧನಾ ಕೇಂದ್ರದ ತಳಿವಿಜ್ಞಾನಿಗಳೂ ಒಟ್ಟಾಗಿ ಕರ್ನಾಟಕದ ಕುಟುಂಬಗಳ ವಂಶವಾಹಿಗಳನ್ನು ಜಾಲಾಡಿದರು. 10ನೇ ಮತ್ತು 4ನೇ ಕ್ರೋಮೋಸೋಮ್‌ಗಳಲ್ಲಿ ಸುಳಿವುಗಳು ಸಿಕ್ಕಿವೆ. ಇಷ್ಟೆಲ್ಲ ಆದರೂ ತಾಯಿಗೆ ಹೇಳುವ ಮಾತು ಸರಳವಾಗಿದೆ: ನೀರು ಉಗುರುಬೆಚ್ಚಗಿರಲಿ, ಮೊದಲು ಮೈಗೆ ಹಾಕಿ, ತಲೆಗೆ ಒಂದೇ ಸಮನೆ ಸುರಿಯಬೇಡಿ. ಅಷ್ಟಕ್ಕೂ ನಿಲ್ಲದಿದ್ದರೆ ತಲೆಸ್ನಾನದ ದಿನ ಮಾತ್ರ ಮುಂಚಿತವಾಗಿ ಕೊಡುವ ಮಾತ್ರೆಯನ್ನು ವೈದ್ಯರು ಬರೆದುಕೊಡುತ್ತಾರೆ.

ಇನ್ನು ಮನಸ್ಸಿನ ಕಡೆಗೆ. ಮನೋವೈದ್ಯ ಡಾ. ಆರ್.ಎಲ್. ಕಪೂರ್ ನಿಮ್ಹಾನ್ಸ್‌ಗೆ ಬರುವ ಮುಂಚೆ ಮಣಿಪಾಲದಲ್ಲಿದ್ದವರು. ಶಿವರಾಮ ಕಾರಂತರ ಹುಟ್ಟೂರು ಕೋಟದಲ್ಲಿ ಇನ್ನೊಬ್ಬ ಮನೋವೈದ್ಯ ಜಿ.ಎಂ. ಕಾರ್‌ಸ್ಟೇರ್ಸ್ ಜೊತೆ ಸೇರಿ ಬಂಟರು, ಬ್ರಾಹ್ಮಣರು, ಮೊಗವೀರರ ನಡುವೆ ಮನಸ್ಸಿನ ತೊಂದರೆಗಳ ಬಗ್ಗೆ ಅಧ್ಯಯನ ಮಾಡಿ 1976ರಲ್ಲಿ ಪುಸ್ತಕ ತಂದರು. ತಾಯಿಯ ಕಡೆಯಿಂದ ವಂಶ, ಆಸ್ತಿ ಸಾಗುವ ಅಳಿಯಕಟ್ಟು ಸಡಿಲಗೊಳ್ಳುತ್ತಿದ್ದ ಕಾಲದಲ್ಲಿ ಮನಸ್ಸುಗಳು ಏನಾದವು ಎಂಬ ಪ್ರಶ್ನೆ ಅದರೊಳಗಿದೆ. ಕಷ್ಟ ಬಂದವರು ಡಾಕ್ಟರ ಬಳಿಗೂ ಹೋಗುತ್ತಾರೆ, ಮಂತ್ರವಾದಿಯ ಬಳಿಗೂ ಹೋಗುತ್ತಾರೆ, ಎರಡರಲ್ಲಿ ಒಂದನ್ನು ಬಿಟ್ಟುಬಿಡುವುದಿಲ್ಲ ಎಂಬುದನ್ನು ಕಪೂರ್ ಅಲ್ಲೇ ಕಂಡುಕೊಂಡರು. ಜನ ಆಸ್ಪತ್ರೆಗೆ ಬರುವವರೆಗೆ ಕಾಯುವುದಲ್ಲ, ಆಸ್ಪತ್ರೆಯೇ ಜನರ ಬಳಿ ಹೋಗಬೇಕು ಎಂಬ ಆಲೋಚನೆಗೆ ಅವರ ಕೆಲಸ ಇಂಬಾಯಿತು. 1975ರಲ್ಲಿ ನಿಮ್ಹಾನ್ಸ್‌ನ ಸಮುದಾಯ ಮನೋವೈದ್ಯಕೀಯ ಘಟಕ ಆರಂಭವಾಯಿತು, ಬನ್ನೇರುಘಟ್ಟದ ಕಡೆಯ ಸಕಲವಾರದಲ್ಲಿ ಹಳ್ಳಿಗಳಿಗಾಗಿ ಕೇಂದ್ರ ತೆರೆಯಿತು.

ಸಕಲವಾರದಲ್ಲಿ ಕಲಿತದ್ದನ್ನು 1985ರಿಂದ ಬಳ್ಳಾರಿ ಜಿಲ್ಲೆಯಲ್ಲಿ ಪರೀಕ್ಷಿಸಿದರು. ಪ್ರಾಥಮಿಕ ಆರೋಗ್ಯ ಕೇಂದ್ರದ ಡಾಕ್ಟರು, ನರ್ಸಮ್ಮ, ಆರೋಗ್ಯ ಸಹಾಯಕರು ಸ್ವಲ್ಪ ತರಬೇತಿ ಪಡೆದರೆ ಮನೋರೋಗವನ್ನು ಗುರುತಿಸಿ ಔಷಧಿ ಕೊಡಬಲ್ಲರೇ? ಬಲ್ಲರು ಎಂದು ಬಳ್ಳಾರಿ ತೋರಿಸಿತು. 1996ರಲ್ಲಿ ಕೇಂದ್ರ ಸರ್ಕಾರ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮ ತಂದಾಗ ಎದುರಿಗಿಟ್ಟುಕೊಂಡ ಮಾದರಿ ಬಳ್ಳಾರಿಯದೇ. ಇವತ್ತು ಅಸ್ಸಾಮಿನ ಯಾವುದೋ ಜಿಲ್ಲಾಸ್ಪತ್ರೆಯಲ್ಲಿ ಒಬ್ಬ ರೋಗಿಗೆ ಮನೋರೋಗದ ಮಾತ್ರೆ ಸಿಕ್ಕುತ್ತಿದ್ದರೆ ಅದರ ಹಿಂದೆ ಬಳ್ಳಾರಿಯ ಬಿಸಿಲಲ್ಲಿ ತಿರುಗಿದವರ ಬೆವರಿದೆ. ಈ ಮಾತನ್ನು ನಮ್ಮ ಶಾಲೆಯ ಪಾಠಗಳಲ್ಲಿ ಹೇಳಬೇಕು ಎನ್ನುವುದು ನನ್ನ ಆಸೆ.

ಕಾನೂನಿಗೂ ಈ ಕ್ಯಾಂಪಸ್ಸಿಗೂ ಏನು ಸಂಬಂಧ ಎಂದು ಕೇಳುವವರುಂಟು. ಎರಡು ಸಂಗತಿ ಹೇಳುತ್ತೇನೆ. 1990ರ ದಶಕದ ಕೊನೆಯಲ್ಲಿ ರಾಷ್ಟ್ರೀಯ ಮಾನವ ಹಕ್ಕುಗಳ ಆಯೋಗ ದೇಶದ ಮಾನಸಿಕ ಆಸ್ಪತ್ರೆಗಳ ಸ್ಥಿತಿಗತಿ ನೋಡಿಬನ್ನಿ ಎಂದು ನಿಮ್ಹಾನ್ಸ್‌ಗೆ ಕೇಳಿಕೊಂಡಿತು. ಡಾ. ಎಸ್.ಎಂ. ಚನ್ನಬಸವಣ್ಣ ಅವರ ನೇತೃತ್ವದ ತಂಡ 37 ಆಸ್ಪತ್ರೆಗಳನ್ನು ಪರಿಶೀಲಿಸಿ 1999ರಲ್ಲಿ ವರದಿ ಕೊಟ್ಟಿತು. ಎತ್ತರದ ಗೋಡೆ, ಕತ್ತಲ ಕೋಣೆ, ಹೊದೆಯಲು ಬಟ್ಟೆಯಿಲ್ಲದ ಮನುಷ್ಯರು. ಚಿಕಿತ್ಸೆಗಿಂತ ಕಾವಲೇ ಹೆಚ್ಚಾಗಿದ್ದ ಜಾಗಗಳ ಚಿತ್ರ ಅದರಲ್ಲಿತ್ತು. ಎರಡು ವರ್ಷ ಕಳೆಯುವಷ್ಟರಲ್ಲಿ, 2001ರ ಆಗಸ್ಟ್ 6ರಂದು, ತಮಿಳುನಾಡಿನ ಏರ್ವಾಡಿಯಲ್ಲಿ ಸರಪಳಿಯಲ್ಲಿ ಬಿಗಿದಿದ್ದ 28 ಮಂದಿ ಮನೋರೋಗಿಗಳು ಬೆಂಕಿಗೆ ಆಹುತಿಯಾದರು. ಓಡಿಹೋಗಲು ಅವರ ಕಾಲಿಗೆ ಬಿಡುಗಡೆಯಿರಲಿಲ್ಲ. ಇವತ್ತು ಜಾರಿಯಲ್ಲಿರುವ 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆ ರೋಗಿಯನ್ನು ಸರಪಳಿಯಲ್ಲಿ ಕಟ್ಟುವುದನ್ನು ನಿಷೇಧಿಸಿದೆ, ಆತ್ಮಹತ್ಯೆಗೆ ಯತ್ನಿಸಿದವರನ್ನು ತೀವ್ರ ಒತ್ತಡದಲ್ಲಿದ್ದವರೆಂದೇ ಭಾವಿಸಿ ಆರೈಕೆ ಮಾಡುವುದನ್ನು ಸರ್ಕಾರದ ಕರ್ತವ್ಯವಾಗಿಸಿದೆ.

ಎರಡನೆಯದು 'ಸೆಲ್ವಿ ವಿರುದ್ಧ ಕರ್ನಾಟಕ ರಾಜ್ಯ' ಪ್ರಕರಣ. ಆರೋಪಿಯ ಮಿದುಳಿನ ವಿದ್ಯುತ್ ಅಲೆಗಳನ್ನು ನೋಡಿ ಅವನು ಅಪರಾಧ ಮಾಡಿದ್ದಾನೋ ಇಲ್ಲವೋ ಹೇಳಬಹುದು ಎಂಬ ವಿಶ್ವಾಸ ಒಂದು ಕಾಲಕ್ಕೆ ಪೊಲೀಸ್ ವಲಯದಲ್ಲಿ ಬಲವಾಗಿತ್ತು. ಆ ತಂತ್ರವನ್ನು ರೂಪಿಸಿದ ಡಾ. ಸಿ.ಆರ್. ಮುಕುಂದನ್ ನಿಮ್ಹಾನ್ಸ್‌ನಲ್ಲೇ ಚಿಕಿತ್ಸಾ ಮನಶ್ಶಾಸ್ತ್ರ ವಿಭಾಗದಲ್ಲಿ ಹಿರಿಯ ಪ್ರಾಧ್ಯಾಪಕರಾಗಿದ್ದವರು. ಆದರೂ ನಿಮ್ಹಾನ್ಸ್ ನಿರ್ದೇಶಕರ ಅಧ್ಯಕ್ಷತೆಯ ತಜ್ಞರ ಸಮಿತಿ ಆ ಪರೀಕ್ಷೆಯನ್ನು ತೂಗಿನೋಡಿ, ಇದಕ್ಕೆ ಸಾಕಷ್ಟು ವೈಜ್ಞಾನಿಕ ಆಧಾರವಿಲ್ಲ ಎಂದು 2008ರಲ್ಲಿ ಹೇಳಿತು. 2010ರ ಮೇ 5ರಂದು ಸುಪ್ರೀಂ ಕೋರ್ಟ್ ಮಂಪರು ಪರೀಕ್ಷೆಯಾಗಲಿ, ಸುಳ್ಳುಪತ್ತೆ ಪರೀಕ್ಷೆಯಾಗಲಿ, ಮಿದುಳಿನ ನಕ್ಷೆಯಾಗಲಿ ವ್ಯಕ್ತಿಯ ಒಪ್ಪಿಗೆಯಿಲ್ಲದೆ ನಡೆಸಕೂಡದು ಎಂದು ತೀರ್ಪಿತ್ತಿತು. ತನ್ನಂಗಳದವರೇ ಕಟ್ಟಿದ ತಂತ್ರವನ್ನು ಒರೆಗೆ ಹಚ್ಚಲು ಹಿಂಜರಿಯದ ವಿದ್ವತ್ತು ನಮ್ಮೂರಲ್ಲಿದೆ ಎಂದು ನಾವು ಹೆಮ್ಮೆ ಪಡಬೇಕು.

ನಿಮ್ಹಾನ್ಸ್ ಒಳಗೆ ಕಾಲಿಟ್ಟರೆ ಮೊದಲು ಕಣ್ಣಿಗೆ ಬೀಳುವುದು ಮರಗಳು. ಆಮೇಲೆ ಜನ. ಸ್ಟೀಲ್ ಡಬ್ಬಿಯಲ್ಲಿ ರೊಟ್ಟಿ ಕಟ್ಟಿಕೊಂಡು ರಾತ್ರಿ ಬಸ್ಸಿಗೆ ಬಂದ ಕಲಬುರಗಿಯವರು, ಬೆಂಗಾಲಿ ಮಾತಾಡುವ ತಂದೆ ಮಗಳು. ದಾಖಲಾದವರ ಜೊತೆ ಮನೆಯವರೂ ಉಳಿದು ಆರೈಕೆಯಲ್ಲಿ ಕೈಜೋಡಿಸುವ ಪದ್ಧತಿ ಇಲ್ಲಿ ಬಹಳ ಹಿಂದೆಯೇ ಬೇರೂರಿದೆ. ಮನೆಯವರನ್ನು ಹೊರಗಿಟ್ಟು ನಮ್ಮ ದೇಶದಲ್ಲಿ ಮನಸ್ಸನ್ನು ಗುಣಪಡಿಸಲಾಗದು ಎಂಬ ಅರಿವಿನಿಂದ 1970ರ ದಶಕದಲ್ಲೇ ಕುಟುಂಬಗಳ ಚಿಕಿತ್ಸೆಗೆಂದು ಇಲ್ಲಿ ಪ್ರತ್ಯೇಕ ಕೇಂದ್ರ ಆರಂಭವಾಗಿತ್ತು. ಪುನರ್ವಸತಿ ವಿಭಾಗದಲ್ಲಿ ಬೇಕರಿಯಿದೆ. ಚೇತರಿಸಿಕೊಳ್ಳುತ್ತಿರುವವರು ಹಿಟ್ಟು ನಾದುತ್ತಾರೆ, ಬ್ರೆಡ್ಡು ಬಿಸ್ಕತ್ತು ಸುಡುತ್ತಾರೆ. ಹೊತ್ತಿಗೆ ಸರಿಯಾಗಿ ಏಳುವುದು, ಅಳತೆ ತಪ್ಪದಿರುವುದು, ಪಕ್ಕದವನ ಜೊತೆ ಮಾತಾಡುವುದು, ಕಾಯಿಲೆ ಕಸಿದುಕೊಂಡಿದ್ದ ಇವೆಲ್ಲ ಒಲೆಯ ಮುಂದೆ ಮೆಲ್ಲಮೆಲ್ಲಗೆ ಮರಳುತ್ತವೆ. ಈ ಕೆಲಸವೇ ಇಲ್ಲಿ ಮದ್ದು.

ಇದೇ ಆವರಣದಲ್ಲಿ ಮಿದುಳಿನ ಬ್ಯಾಂಕ್ ಇದೆ. ಡಾ. ಎಸ್.ಕೆ. ಶಂಕರ್ 1995ರಲ್ಲಿ ಕಟ್ಟಿದ್ದು. ಪಕ್ಕದ ಸಂಗ್ರಹಾಲಯದಲ್ಲಿ ಗಾಜಿನ ಜಾಡಿಗಳಲ್ಲಿ ಮಿದುಳುಗಳು: ಅಪಘಾತದಲ್ಲಿ ಜಜ್ಜಿಹೋದದ್ದು, ಲಾಡಿಹುಳುವಿನ ಗುಳ್ಳೆಗಳು ತುಂಬಿದ್ದು, ಮರೆವಿನ ಕಾಯಿಲೆಯಲ್ಲಿ ಸುರುಟಿದ್ದು. ನಿಜವಾದ ಒಂದು ಮಿದುಳನ್ನು ಕೈಯಲ್ಲಿ ಹಿಡಿದು ನೋಡಲು ಕೊಡುತ್ತಾರೆ. ಫಾರ್ಮಲಿನ್ ವಾಸನೆ ಮೂಗಿಗೆ ಅಡರುತ್ತದೆ. ಒದ್ದೆಯಾಗಿ ತಣ್ಣಗಿರುವ, ಎಣಿಸಿದ್ದಕ್ಕಿಂತ ಭಾರವಾದ, ಒಂದೂಕಾಲು ಒಂದೂವರೆ ಕಿಲೋ ತೂಗುವ ಮುದ್ದೆ. ಯಾರೋ ಒಬ್ಬರ ನೆನಪು, ಸಿಟ್ಟು, ತಾಯಿಮಾತು ಎಲ್ಲ ಇದರೊಳಗೆ ಇದ್ದವು. ಸತ್ತ ಮೇಲೂ ಅದನ್ನು ಸಂಶೋಧನೆಗೆಂದು ಬಿಟ್ಟುಕೊಟ್ಟ ಮನೆಯವರನ್ನು ನೆನೆದು ಎರಡೂ ಕೈ ಜೋಡಿಸಬೇಕೆನಿಸುತ್ತದೆ. ಮಕ್ಕಳನ್ನು ಒಮ್ಮೆ ಕರೆದುಕೊಂಡು ಹೋಗಿ.

ನನ್ನದೊಂದು ಕೊರಗೂ ಇದೆ. ಈ ಸಂಶೋಧನೆಗಳ ಬೀಜ ಕನ್ನಡದ ಮನೆಗಳಲ್ಲಿದೆ, ಫಲ ಮಾತ್ರ ಇಂಗ್ಲಿಷ್ ಪತ್ರಿಕೆಗಳಲ್ಲಿ. ನಿಮ್ಹಾನ್ಸ್‌ನಲ್ಲೇ ಪ್ರಾಧ್ಯಾಪಕರಾಗಿದ್ದ ಡಾ. ಸಿ.ಆರ್. ಚಂದ್ರಶೇಖರ್ ಮನಸ್ಸಿನ ಕಾಯಿಲೆಗಳ ಬಗ್ಗೆ ಕನ್ನಡದಲ್ಲಿ ಪುಸ್ತಕದ ಮೇಲೆ ಪುಸ್ತಕ ಬರೆದು ಲಕ್ಷಾಂತರ ಮನೆಗಳ ದಿಗಿಲು ಕಳೆದರು. ಅವರಂಥವರು ಇನ್ನೂ ಹತ್ತು ಜನ ಬೇಕು. ಏಕೆಂದರೆ 2015-16ರಲ್ಲಿ ನಿಮ್ಹಾನ್ಸ್ ಮುಂದಾಳತ್ವದಲ್ಲಿ 12 ರಾಜ್ಯಗಳಲ್ಲಿ ನಡೆದ ರಾಷ್ಟ್ರೀಯ ಮಾನಸಿಕ ಆರೋಗ್ಯ ಸಮೀಕ್ಷೆ, ವಯಸ್ಕರಲ್ಲಿ ಶೇ 10.6ರಷ್ಟು ಮಂದಿಗೆ ಒಂದಲ್ಲ ಒಂದು ಮಾನಸಿಕ ತೊಂದರೆ ಇರುವುದನ್ನು ಕಂಡಿತು. ಅವರಲ್ಲಿ ಹೆಚ್ಚಿನವರಿಗೆ ಚಿಕಿತ್ಸೆಯೇ ಸಿಕ್ಕಿರಲಿಲ್ಲ. ಆ ಸಮೀಕ್ಷೆಯ ಪ್ರಾಯೋಗಿಕ ಹಂತ ನಡೆದದ್ದು ನಮ್ಮ ಕೋಲಾರದಲ್ಲಿ.

2022ರ ಅಕ್ಟೋಬರ್ 10ರಿಂದ ಟೆಲಿ ಮಾನಸ್ ಎಂಬ ಉಚಿತ ಸಹಾಯವಾಣಿ ನಡೆಯುತ್ತಿದೆ. ಅದರ ರಾಷ್ಟ್ರೀಯ ಕೇಂದ್ರವೂ ನಿಮ್ಹಾನ್ಸ್. ನಿದ್ದೆ ಬಾರದಿದ್ದರೆ, ಮನೆಯಲ್ಲಿ ಯಾರಾದರೂ ಮಂಕಾಗಿ ಕೂತಿದ್ದರೆ, ಬದುಕು ಸಾಕೆನಿಸಿದರೆ 14416ಕ್ಕೆ ಕರೆ ಮಾಡಿ. ಹಗಲು ರಾತ್ರಿ ಯಾವ ಹೊತ್ತಿನಲ್ಲಾದರೂ ಸರಿ, ಕನ್ನಡದಲ್ಲೇ ಮಾತಾಡಬಹುದು.