ಕುಕಿ ಅಳಿಸಿದರೂ ಅಳಿಯದ ಗುರುತು

2010ರ ಜನವರಿ ಕೊನೆಯಲ್ಲಿ ಸ್ಯಾನ್ ಫ್ರಾನ್ಸಿಸ್ಕೋದ ಎಲೆಕ್ಟ್ರಾನಿಕ್ ಫ್ರಾಂಟಿಯರ್ ಫೌಂಡೇಶನ್ 'ಪ್ಯಾನಾಪ್ಟಿಕ್ಲಿಕ್' ಎಂಬ ಪುಟ್ಟ ಜಾಲತಾಣವೊಂದನ್ನು ತೆರೆಯಿತು. ಬಂದವರು ಒಂದು ಗುಂಡಿ ಒತ್ತಿದರೆ ಸಾಕು. ಅವರ ಬ್ರೌಸರ್ ತನ್ನ ಬಗ್ಗೆ ಏನೇನು ಹೇಳಿಕೊಳ್ಳುತ್ತದೆ ಎಂಬುದನ್ನು ತಾಣ ದಾಖಲಿಸಿಕೊಂಡು, ಅಂಥದೇ ಇನ್ನೊಂದು ಬ್ರೌಸರ್ ಈವರೆಗೆ ಬಂದಿದೆಯೇ ಎಂದು ತಿಳಿಸುತ್ತಿತ್ತು. ಇದನ್ನು ನಡೆಸಿದವರು ಆಸ್ಟ್ರೇಲಿಯಾ ಮೂಲದ ಕಂಪ್ಯೂಟರ್ ವಿಜ್ಞಾನಿ ಪೀಟರ್ ಎಕರ್ಸ್ಲಿ.

ಅಲ್ಲಿಯವರೆಗೆ ಬಹುತೇಕರ ಭಯವೆಲ್ಲ ಕುಕಿಯದಾಗಿತ್ತು. 1994ರಲ್ಲಿ ನೆಟ್‌ಸ್ಕೇಪ್‌ನ ಲೂ ಮಾಂಟುಲ್ಲಿ ರೂಪಿಸಿದ ಈ ಪುಟ್ಟ ಚೀಟಿಯನ್ನು ಅಳಿಸಿಬಿಟ್ಟರೆ ಬೆನ್ನು ಹತ್ತಿದವರಿಂದ ತಪ್ಪಿಸಿಕೊಂಡಂತೆ ಎಂಬ ನಂಬಿಕೆ. 2009ರಲ್ಲಿ ಪ್ರಿನ್ಸ್‌ಟನ್ನಿನ ವಿದ್ಯಾರ್ಥಿ ಜೊನಾಥನ್ ಮೇಯರ್ 1,328 ಬ್ರೌಸರುಗಳನ್ನು ಪರೀಕ್ಷಿಸಿ, ನೂರಕ್ಕೆ 96ರಷ್ಟನ್ನು ಕುಕಿಯಿಲ್ಲದೆಯೇ ಬೇರೆಬೇರೆಯಾಗಿ ಗುರುತಿಸಬಹುದೆಂದು ತೋರಿಸಿದ್ದರು. ಲಕ್ಷಾಂತರ ಜನರ ನಡುವೆಯೂ ಹೀಗೆಯೇ ಆಗುತ್ತದೆಯೇ? ಎಕರ್ಸ್ಲಿಗೆ ತಿಳಿಯಬೇಕಿದ್ದದ್ದು ಅದು.

ಬ್ರೌಸರ್ ಹೇಳುವುದರಲ್ಲಿ ಗುಟ್ಟಿನದೇನೂ ಇಲ್ಲ. ಯಾವ ಆವೃತ್ತಿ, ಪರದೆ ಎಷ್ಟು ಅಗಲ, ಯಾವ ಸಮಯ ವಲಯ, ಯಾವ ಪ್ಲಗಿನ್‌ಗಳಿವೆ, ಯಾವ ಫಾಂಟುಗಳಿವೆ: ಪುಟ ಸರಿಯಾಗಿ ಕಾಣಬೇಕೆಂದೇ ಇವನ್ನು ಹೇಳುವ ವ್ಯವಸ್ಥೆ ಬೆಳೆದದ್ದು. ಆದರೆ ಭೂಮಿಯ ಮೇಲಿನ ಅಷ್ಟೂ ಜನರಲ್ಲಿ ಒಬ್ಬರನ್ನು ಬೇರ್ಪಡಿಸಲು ಹೌದು-ಅಲ್ಲ ಎನ್ನುವ 33 ಉತ್ತರಗಳು, ಅಂದರೆ 33 ಬಿಟ್ ಮಾಹಿತಿ ಸಾಕು. ಎಕರ್ಸ್ಲಿಯ ಲೆಕ್ಕದಲ್ಲಿ ಬ್ರೌಸರ್ ಒಂದೇ ಕನಿಷ್ಠ 18.1 ಬಿಟ್‌ಗಳನ್ನು ಬಿಟ್ಟುಕೊಡುತ್ತಿತ್ತು. ಅವರು ವಿಶ್ಲೇಷಿಸಿದ 4,70,161 ದಾಖಲೆಗಳಲ್ಲಿ ನೂರಕ್ಕೆ 83.6ರಷ್ಟಕ್ಕೆ ಜೋಡಿಯೇ ಇರಲಿಲ್ಲ. ಫ್ಲ್ಯಾಶ್ ಅಥವಾ ಜಾವಾ ಪ್ಲಗಿನ್ ಇದ್ದವುಗಳಲ್ಲಿ ಇದು 94.2ಕ್ಕೆ ಏರಿತು. ಹೆಚ್ಚು ಹೇಳಿಕೊಟ್ಟವು ಪ್ಲಗಿನ್‌ಗಳ ಮತ್ತು ಫಾಂಟುಗಳ ಪಟ್ಟಿಗಳು. ಬ್ರೌಸರನ್ನು ಹೊಸ ಆವೃತ್ತಿಗೆ ಬದಲಿಸಿದರೂ ಬಿಡುಗಡೆಯಿಲ್ಲ: ಬದಲಾದ ಗುರುತನ್ನು ಹಳೆಯದಕ್ಕೆ ಜೋಡಿಸುವ ಸರಳ ವಿಧಾನವೊಂದನ್ನು ಪ್ರಯೋಗಿಸಿದಾಗ, ಅದು ಮಾಡಿದ ಊಹೆಗಳಲ್ಲಿ ನೂರಕ್ಕೆ 99.1 ಸರಿಯಾಗಿದ್ದವು.

ನನ್ನನ್ನು ಬಹಳವಾಗಿ ಹಿಡಿದು ನಿಲ್ಲಿಸಿದ್ದು ಈ ಪ್ರಯೋಗದ ಬಗ್ಗೆ ಎಕರ್ಸ್ಲಿ ಬರೆದ ಪ್ರಬಂಧದ ಇನ್ನೊಂದು ಭಾಗ. ಕೆಲವು ಬ್ರೌಸರುಗಳು ತಮ್ಮನ್ನು ಐಫೋನ್ ಎಂದು ಕರೆದುಕೊಂಡಿದ್ದವು, ಆದರೆ ಅವುಗಳಲ್ಲಿ ಫ್ಲ್ಯಾಶ್ ಇತ್ತು. ಐಫೋನಿನಲ್ಲಿ ಫ್ಲ್ಯಾಶ್ ಇರಲೇ ಇಲ್ಲ! ಗುರುತು ಮರೆಸಲು ಹಾಕಿದ ವೇಷವೇ ಅವರನ್ನು ಹಿಡಿದುಕೊಟ್ಟಿತ್ತು. ಜಾತ್ರೆಯಲ್ಲಿ ಮುಖಕ್ಕೆ ಬಟ್ಟೆ ಕಟ್ಟಿಕೊಂಡು ನಡೆಯುವವನ ಮೇಲೆಯೇ ಎಲ್ಲರ ಕಣ್ಣು. ಹೆಚ್ಚು ಬಚಾವಾದವರು ಜಾವಾಸ್ಕ್ರಿಪ್ಟ್ ತಡೆದವರು, ಗುರುತು ಮರೆಸುವ ಟಾರ್ ಬಳಸಿದವರು, ಒಂದೇ ಬಗೆಯಲ್ಲಿ ಸಜ್ಜುಗೊಳಿಸಿದ ಕಚೇರಿ ಕಂಪ್ಯೂಟರುಗಳ ಮುಂದೆ ಕೂತವರು. ಅಂದರೆ ಬ್ರೌಸರ್ ಆರಿಸುವಾಗ ಕೇಳಬೇಕಾದದ್ದು 'ಇದು ನನ್ನನ್ನು ಎಷ್ಟು ಮುಚ್ಚಿಡುತ್ತದೆ' ಎಂದಲ್ಲ, 'ಇದು ನನ್ನನ್ನು ಎಷ್ಟು ಜನರಂತೆ ಕಾಣಿಸುತ್ತದೆ' ಎಂದು. ಸಿಕ್ಕಸಿಕ್ಕ ಎಕ್ಸ್‌ಟೆನ್ಶನ್‌ಗಳನ್ನೆಲ್ಲ ಪೇರಿಸಿಕೊಳ್ಳುವ ಚಟ ಇದಕ್ಕೆ ನೇರ ವಿರುದ್ಧ.

ಬೆನ್ನು ಹತ್ತುವವರೂ ಸುಮ್ಮನಿರಲಿಲ್ಲ. ಪರದೆಯ ಮರೆಯಲ್ಲಿ ಒಂದು ಚಿತ್ರ ಬರೆಸಿ, ಆ ಯಂತ್ರ ಅದನ್ನು ಮೂಡಿಸುವ ಸೂಕ್ಷ್ಮ ವ್ಯತ್ಯಾಸದಿಂದಲೇ ಗುರುತು ಹಿಡಿಯಬಹುದೆಂದು 2012ರಲ್ಲಿ ಕೀಟನ್ ಮೋವರಿ ಮತ್ತು ಹೊವಾವ್ ಶಾಚಮ್ ತೋರಿಸಿದರು. ಎರಡೇ ವರ್ಷಗಳಲ್ಲಿ, ಅಗ್ರ ಒಂದು ಲಕ್ಷ ತಾಣಗಳ ಪೈಕಿ ನೂರಕ್ಕೆ 5ಕ್ಕಿಂತ ಹೆಚ್ಚಿನವುಗಳಲ್ಲಿ ಈ ತಂತ್ರ ಸಿಕ್ಕಿತು. ಬ್ರೌಸರುಗಳು ಬೇರೆಬೇರೆ ದಾರಿ ಹಿಡಿದವು. ಟಾರ್ ಎಲ್ಲರನ್ನೂ ಒಂದೇ ಅಚ್ಚಿನಲ್ಲಿ ತೋರಿಸಲು ಯತ್ನಿಸುತ್ತದೆ. ಬ್ರೇವ್ ಉತ್ತರಗಳಲ್ಲಿ ತುಸು ಏರುಪೇರು ಬೆರೆಸಿ ಲೆಕ್ಕ ತಪ್ಪಿಸುತ್ತದೆ. ಫೈರ್‌ಫಾಕ್ಸ್ 2020ರಿಂದ ಇಂಥ ಕೆಲಸಕ್ಕೆ ಹೆಸರಾದ ಕಂಪನಿಗಳ ಸ್ಕ್ರಿಪ್ಟುಗಳನ್ನು ತಾನಾಗಿಯೇ ತಡೆಯುತ್ತದೆ. ತಡೆದರೆ ವೇಗ ಕಡಿಮೆಯಾಗುತ್ತದೆ ಎಂಬ ಅಂಜಿಕೆ ಬೇಡ. ಸುದ್ದಿತಾಣಗಳ ಮೇಲೆ ಫೈರ್‌ಫಾಕ್ಸಿನ ತಡೆ ವ್ಯವಸ್ಥೆಯನ್ನು ಪರೀಕ್ಷಿಸಿದ 2015ರ ಪ್ರಬಂಧದಲ್ಲಿ, ಪುಟ ತೆರೆದುಕೊಳ್ಳುವ ಸಮಯ ನೂರಕ್ಕೆ 44ರಷ್ಟು, ಡೇಟಾ ಬಳಕೆ 39ರಷ್ಟು ತಗ್ಗಿತ್ತು.

ಕನ್ನಡದವರಿಗೆ ಇದರಲ್ಲಿ ಒಂದು ವಿಶೇಷ ಸಂಗತಿಯಿದೆ. ಬ್ರೌಸರಿನಲ್ಲಿ ಕನ್ನಡವನ್ನು ಮೊದಲ ಭಾಷೆಯಾಗಿಟ್ಟರೆ ಆ ಮಾತು ಪ್ರತಿ ತಾಣಕ್ಕೂ ತಲುಪುತ್ತದೆ. ಜಗತ್ತಿನ ಲೆಕ್ಕದಲ್ಲಿ ಹಾಗೆ ಇಟ್ಟವರು ವಿರಳ. ಕಂಪ್ಯೂಟರಿನಲ್ಲಿ ನುಡಿ, ಬರಹದ ಫಾಂಟುಗಳೂ ಇದ್ದರೆ ಆ ಗುಂಪು ಇನ್ನೂ ಚಿಕ್ಕದಾಗುತ್ತದೆ. ಫಾಂಟುಗಳ ಪಟ್ಟಿ ಕೊಡುತ್ತಿದ್ದ ಫ್ಲ್ಯಾಶ್ ಹೋದರೂ, ಅಕ್ಷರಗಳ ಅಗಲ ಅಳೆದು ಯಾವ ಫಾಂಟಿದೆ ಎಂದು ತಾಣಗಳು ಇಂದಿಗೂ ಕಂಡುಹಿಡಿಯಬಲ್ಲವು. ಹಾಗೆಂದು ಕನ್ನಡವನ್ನು ಕೈಬಿಡಬೇಕೆಂದು ನಾನು ಹೇಳಲಾರೆ. ಹೇಳಿಕೊಳ್ಳುವುದನ್ನು ಕಡಿಮೆ ಮಾಡಬೇಕಾದದ್ದು ಬ್ರೌಸರ್. ಮ್ಯಾಕ್‌ನ ಸಫಾರಿ 2018ರಿಂದ, ಬಳಕೆದಾರರು ತಾವೇ ಹಾಕಿಕೊಂಡ ಫಾಂಟುಗಳನ್ನು ತಾಣಗಳಿಗೆ ತೋರಿಸುವುದಿಲ್ಲ. 

ಎಕರ್ಸ್ಲಿ 2022ರಲ್ಲಿ ತೀರಿಕೊಂಡರು. ಅವರ ತಾಣ 'ಕವರ್ ಯುವರ್ ಟ್ರ್ಯಾಕ್ಸ್' ಎಂಬ ಹೊಸ ಹೆಸರಿನಲ್ಲಿ ಮುಂದುವರಿದಿದೆ. ಬ್ರೌಸರ್ ಆರಿಸುವ ಮುನ್ನ ಎರಡು ಮೂರನ್ನು ಅಲ್ಲಿ ಪರೀಕ್ಷಿಸಿ ನೋಡಿ, ಒಮ್ಮೆ ಕನ್ನಡವನ್ನು ಮೊದಲ ಭಾಷೆಯಾಗಿಟ್ಟು, ಇನ್ನೊಮ್ಮೆ ಇಡದೆ.